ನಾಲ್ಕು ಬೆರಳಿನ ಜಾಗ

ಹಳಿಯಾಳದ ಹಿಟ್ಟಿನ ಗಿರಣಿಯ ಜ್ಯೋತಿಬಾನಿಗೆ ಬೆಳಿಗ್ಗೆ ಚಹಾ ತಡವಾದರೆ ನಡೆದೀತು, ಸಿಟ್ಟಿಗೊಂದು ಕಾರಣ ಸಿಗುವುದು ತಡವಾಗಬಾರದು. ಏನೂ ಸಿಗದ ದಿನ ಹಳೆಯದೊಂದು ಇದ್ದೇ ಇತ್ತು: ತೊಂಬತ್ತೆಂಟನೆಯ ಇಸವಿಯ ಕುಸ್ತಿ. ಅಂದು ದುರ್ಗಪ್ಪ ಇವನ ಎರಡೂ ಭುಜ ಮಣ್ಣಿಗೆ ತಾಗಿಸಿ ಚಿತ್ ಮಾಡಿದನೆಂದು ಪಂಚರು ಅವನ ಕೈ ಎತ್ತಿದ್ದರು. ಜ್ಯೋತಿಬಾ ಹೇಳುವಂತೆ, ತನ್ನ ಎಡಭುಜಕ್ಕೂ ಮಣ್ಣಿಗೂ ನಡುವೆ ನಾಲ್ಕು ಬೆರಳಿನ ಜಾಗವಿತ್ತು. ಆ ನಾಲ್ಕು ಬೆರಳು ಎತ್ತಿ ತೋರಿಸದೆ ಅವನು ಯಾರ ಜೋಳವನ್ನೂ ಬೀಸಿಕೊಟ್ಟವನಲ್ಲ.

ದುರ್ಗಪ್ಪನೂ ಬೇರೆ ಗಿರಣಿಗೆ ಹೋಗುವ ಪೈಕಿಯಲ್ಲ. ಪ್ರತಿ ರವಿವಾರ ಚೀಲ ಇಳಿಸಿ, “ಬೆನ್ನಿನ ಮಣ್ಣು ಹೋತೇನಪಾ ಪೈಲ್ವಾನ?” ಎಂದು ಕೇಳಿದ ಮೇಲೆಯೇ ಕೂಡುವವನು.

ಈ ರವಿವಾರ ಜ್ಯೋತಿಬಾ ಅವನನ್ನು ಗಿರಣಿಯ ಮೇಲಿನ ಮನೆಗೇ ಎಳೆದುಕೊಂಡು ಹೋದ. ಆ ಕುಸ್ತಿಯ ವಿಡಿಯೋ ಕ್ಯಾಸೆಟ್ಟು ಫೋಟೋ ಸ್ಟುಡಿಯೋದ ಅಟ್ಟದಲ್ಲಿ ಸಿಕ್ಕು, ಮಗಳು ರಾಜಶ್ರೀಯ ಕಂಪ್ಯೂಟರಿಗೆ ಇಳಿದಿತ್ತು. ಅಲ್ಲೇ ನೋಡಿಬಿಡಬಹುದಿತ್ತು. ಆದರೆ ಅಷ್ಟು ದೊಡ್ಡ ಅನ್ಯಾಯವನ್ನು ಅಷ್ಟು ಸಣ್ಣ ಪರದೆಯಲ್ಲಿ ನೋಡಲು ಅವನು ಒಪ್ಪಲಿಲ್ಲ. ದೊಡ್ಡ ಟಿವಿಯಲ್ಲೇ ಆಗಬೇಕು, ದುರ್ಗಪ್ಪನ ಕಣ್ಣೆದುರೇ ಆಗಬೇಕು.

“ಟಿವಿ ಹಳೇದೈತಿ ಅಪ್ಪಾ. ಕಂಪ್ಯೂಟರ್‌ದಿಂದ ವೈಫೈ ಮ್ಯಾಲೆ ನನ್ನ ಗೇಮಿನ ಡಬ್ಬಿಗೆ ಕಳಸ್ತೇನಿ, ಡಬ್ಬಿ ಟಿವಿಗೆ ತೋರಸ್ತೈತಿ,” ಎಂದಳು ರಾಜಶ್ರೀ.

“ಒಂದ ಕುಸ್ತಿ ತೋರಸಾಕ ಮೂರು ಪೈಲ್ವಾನ್ರು ಬೇಕೇನ?” ಜ್ಯೋತಿಬಾ ಗೊಣಗಿದ.

ಪರದೆಯ ಮೇಲೆ ಇಬ್ಬರು ತೆಳ್ಳನೆಯ ಹುಡುಗರು ಕೈ ಕೂಡಿಸಿದರು. ಅಷ್ಟಕ್ಕೇ ಚಿತ್ರ ನಿಂತಿತು. ಒಂದು ಚಕ್ರ ತಿರುಗತೊಡಗಿತು. ಜ್ಯೋತಿಬಾ ಟಿವಿಯ ನೆತ್ತಿಗೆ ಗುದ್ದಿದ. ಗೇಮಿನ ಡಬ್ಬಿಯನ್ನೂ ಅದನ್ನು ಮಾಡಿದವನ ವಂಶವನ್ನೂ ಬೈದ. ರಾಜಶ್ರೀ ಕೆಳಗಿನ ಸದ್ದಿಗೆ ಕಿವಿಗೊಟ್ಟು, “ಅದು ನಮ್ಮ ಗಿರಣೀದ ತಪ್ಪು. ಮೋಟರ್ ತಿರಗೂತನಕ ಕೆಳಗಿನ ವೈಫೈಗೆ ಕರೆಂಟ್ ಸಾಲೂದಿಲ್ಲ,” ಎಂದಳು.

ಜ್ಯೋತಿಬಾ ಕಿಟಕಿಗೆ ಹಾರಿದ. “ಏ ಗೋದೂ! ಬಂದ್ ಮಾಡ!”

“ದುರ್ಗಪ್ಪಣ್ಣನ ಜ್ವಾಳ ಅದಾವ್ರಿ, ಅರ್ಧಕ್ಕ ಬಿಡ್ಲೇನು?” ಕೆಳಗಿನಿಂದ ಹೆಂಡತಿ ಗೋದುಬಾಯಿ ಕೇಳಿದಳು.

“ಅವನ ಜ್ವಾಳನ ಮೊದಲ ಬಿಡ!”

ಗಿರಣಿ ನಿಂತಿತು, ಕುಸ್ತಿ ನಡೆಯಿತು. ದುರ್ಗಪ್ಪ ಪಟ್ಟು ಹಾಕಿದ, ಜ್ಯೋತಿಬಾ ಬಾಗಿದ, ಬಲಭುಜ ಮಣ್ಣು ಮುಟ್ಟಿತು, ಎಡಭುಜ ಇಳಿಯತೊಡಗಿತು. ಅಷ್ಟರಲ್ಲಿ ಕಾದು ಬೇಸತ್ತ ಗೋದುಬಾಯಿ ಮೋಟರು ಹಚ್ಚಿದಳು. ಚಿತ್ರ ಅಲ್ಲೇ ನಿಂತಿತು.

“ನೋಡ್ಲೇ! ಕಣ್ಣು ಬಿಟ್ಟು ನೋಡ!” ಜ್ಯೋತಿಬಾ ಟಿವಿಯ ಗಾಜಿಗೆ ಬೆರಳು ಹಚ್ಚಿದ. ಭುಜ ಮೇಲೆ, ಮಣ್ಣು ಕೆಳಗೆ, ನಡುವೆ ಸರಿಯಾಗಿ ನಾಲ್ಕು ಬೆರಳು. “ಇಪ್ಪತ್ತೈದು ವರ್ಷದ ಮ್ಯಾಲಾತು, ಹೊಯ್ಕೊಳ್ಳಾಕತ್ತೇನಿ!”

ದುರ್ಗಪ್ಪ ಕಣ್ಣು ಕಿರಿದು ಮಾಡಿ ನೋಡಿದ. “ಖರೇನ ಐತಲೋ. ಯವ್ವಾ ರಾಜಶ್ರೀ, ಇನ್ನೊಂದೀಟು ಮುಂದ ಬಿಡು ನೋಡೂಣು.”

“ಅವ್ವಾ, ಒಂದ ಮಿನಿಟ್ ಬಂದ್ ಮಾಡು!” ರಾಜಶ್ರೀ ಕೂಗಿದಳು.

ಗಿರಣಿಯ ಸದ್ದು ಇಳಿಯತೊಡಗಿತು. ಜ್ಯೋತಿಬಾನ ಬೆನ್ನು ತಣ್ಣಗಾಯಿತು. ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಅಖಾಡದ ಮಣ್ಣಿನ ತಂಪು ಅದು. ಅಂದು ಆ ಮಣ್ಣು ಎಡಭುಜಕ್ಕೂ ತಾಗಿತ್ತೆಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

“ಏ ಗೋದೂ! ಗಿರಣಿ ಚಾಲೂ ಮಾಡ!”

“ಜ್ವಾಳ ಮುಗದಾವ್ರಿ! ಬರೇ ತಿರಗಿಸಿದ್ರ ಕಲ್ಲು ಸವೀತಾವು!”

“ಸವೀಲಿ! ನಿಮ್ಮಪ್ಪನ ಮನೀ ಕಲ್ಲೇನ? ಮಾಡ ಅಂದ್ರ ಮಾಡ!”

ಮೋಟರು ಗುಡುಗಿತು. ಪರದೆಯ ಮೇಲೆ ಭುಜ ಕದಲಲಿಲ್ಲ. ದುರ್ಗಪ್ಪ ಒಮ್ಮೆ ಟಿವಿಯನ್ನು ನೋಡಿದ, ಒಮ್ಮೆ ಜ್ಯೋತಿಬಾನ ಬೆನ್ನನ್ನು ನೋಡಿದ. ಟವೆಲ್ ಕೊಡವಿ ಎದ್ದು, ತನ್ನ ಹಿಟ್ಟು ಒಯ್ಯಲು ಮೆಟ್ಟಿಲು ಇಳಿದ.

ಜ್ಯೋತಿಬಾನ ಸಿಟ್ಟು ನೆತ್ತಿಗೇರಿದ್ದು ಆಗಲೇ. “ಏನರೆ ಅಂದು ಹೋಗಲೇ!” ಎಂದು ಮೇಲಿನಿಂದ ಚೀರಿದ. ಗಿರಣಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.