ಕಲ್ಲಿಗೆ ಕಟ್ಟಿದ ಹೊಳೆಯೋ ಪಟ್ಟಿ

ಮೆಕ್ಕೆಜೋಳ ಮುರಿಯೋ ಕಾಲ ಬಂತೆಂದರೆ ನಮ್ಮೂರಿಂದ ಸಂತೇಬೆನ್ನೂರಿಗೆ ಹೋಗೋ ಡಾಂಬರು ರಸ್ತೆ ಕಣವಾಗಿಬಿಡುತ್ತದೆ. ಅರ್ಧ ರಸ್ತೆಗೆ ಜೋಳ ಹರವಿ, ಅಂಚಿಗೆ ತಲೆಗಾತ್ರದ ಕಲ್ಲು ಜೋಡಿಸಿ, ಕೋಲಿಗೊಂದು ಕೆಂಪು ಬಟ್ಟೆ ಸಿಕ್ಕಿಸಿ ನಿಲ್ಲಿಸಿದರೆ ಮುಗಿಯಿತು, ಅಷ್ಟು ಜಾಗ ಅವರಪ್ಪನ ಆಸ್ತಿ. ಬಸ್ಸು, ಲಾರಿ ಉಳಿದರ್ಧದಲ್ಲಿ ಗುದ್ದಾಡಬೇಕು. ಸೈಕಲ್‌ನವರು? ಅವರನ್ನು ಯಾರು ಲೆಕ್ಕಕ್ಕಿಟ್ಟಿದ್ದಾರೆ!

ನಾನು ಸೈಕಲ್‌ನವಳು. ಸಂತೇಬೆನ್ನೂರಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬೆಳಿಗ್ಗೆ ಹೋದರೆ ಹೊತ್ತು ಮುಳುಗೋ ವೇಳೆಗೆ ವಾಪಸ್ಸು. ಜೋಳ ತುಂಬಿಕೊಂಡು ಹೋಗುವ ಮಹಾನುಭಾವರು ಕಲ್ಲುಗಳನ್ನು ಮಾತ್ರ ಅಲ್ಲೇ ಬಿಟ್ಟು ಹೋಗುತ್ತಾರೆ. ಒಂದಿನ ಒಬ್ಬ ಯಜಮಾನರನ್ನು ನಿಲ್ಲಿಸಿ ಕೇಳಿದೆ, "ಕಲ್ಲಾದ್ರೂ ತೆಗೀಬಾರ್ದಾ? ಮಬ್ಬುಗತ್ತಲಲ್ಲಿ ಬರೋರ ಗತಿ ಏನ್ರೀ?"

"ನೋಡ್ಕಂಡು ಬಾರವ್ವ ತಂಗಿ."

"ನೋಡಾಕೆ ನನಗೇನು ಹಣೆ ಮೇಲೊಂದು ಕಣ್ಣೈತಾ?"

ಅವರು ನಕ್ಕು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ.

ಲೈನಿಂಗ್ ಬಟ್ಟೆ ತರಲು ಚನ್ನಗಿರಿಗೆ ಹೋದಾಗ ಒಂದು ಪಟ್ಟಿ ಕಣ್ಣಿಗೆ ಬಿತ್ತು. ರಸ್ತೆ ಕೆಲಸದವರ ಕೋಟಿನ ಮೇಲಿರುತ್ತಲ್ಲ, ಬೆಳಕು ಬಿದ್ದರೆ ಫಳಫಳ ಹೊಳೆಯೋದು, ಅದು. ಒಂದು ಸುತ್ತು ತಂದು ನನ್ನ ಸ್ವೆಟರಿನ ಎದೆಗೂ ಬೆನ್ನಿಗೂ ಅಡ್ಡಡ್ಡ ಎರಡೆರಡು ಸಾಲು ಹೊಲಿದೆ. ಮಾರನೇ ದಿನದಿಂದಲೇ ಲಾರಿಯವರು ದೂರದಲ್ಲೇ ಸ್ಪೀಡು ಇಳಿಸಲು ಶುರು ಮಾಡಿದರು. ಊರಿನವರು ಮಾತ್ರ ಬಾಯಿಗೆ ಬಂದದ್ದು ಆಡಿದರು.

"ಏನಕ್ಕ, ಪಂಚಾಯ್ತೀಲಿ ಕಸ ಗುಡಿಸೋ ಕೆಲಸ ಸಿಕ್ತಾ?" ಅಂದ ಟೀ ಅಂಗಡಿ ಮುಂದೆ ಕೂತಿದ್ದ ಒಬ್ಬ.

"ಹೂಂ, ಮೊದ್ಲು ನಿನ್ನ ಬಾಯಿಂದ್ಲೇ ಶುರು ಮಾಡ್ತೀನಿ."

ಹೊರಗಿನವರ ಬಾಯಿ ಮುಚ್ಚಿಸಬಹುದು, ಮನೆಯವರ ಗತಿ? ನಮ್ಮನೆಯವರದೂ ಸೈಕಲ್ಲೇ. ಕಪ್ಪು ಸ್ವೆಟರು, ಕಪ್ಪು ಮಫ್ಲರು. ಸೈಕಲ್ಲಿಗೆ ಲೈಟಿಲ್ಲ, ಹಿಂದಿನ ಕೆಂಪು ರಿಫ್ಲೆಕ್ಟರು ಯಾವ ಕಾಲದಲ್ಲೋ ಉದುರಿದೆ. "ಕೊಡ್ರಿ ಸ್ವೆಟರು, ಹೊಲಿದು ಕೊಡ್ತೀನಿ" ಅಂತ ದಿನಾ ಗೋಗರೆದೆ. ಯಾವತ್ತಾದರೂ ಇವರನ್ನು ಯಾವುದಾದರೂ ಗಾಡಿ ಎತ್ತಿ ಒಗೆಯುತ್ತದೆ ಅಂತ ನನಗೆ ನಿಜವಾಗಿಯೂ ಭಯವಿತ್ತು.

"ನಾನೇನು ಸರ್ಕಸ್ಸಿನೋನಾ? ಹುಟ್ಟಿದಾಗಿಂದ ಓಡಾಡಿದ ರಸ್ತೆ. ಅದಕ್ಕೆ ನನ್ನ ಗುರುತು ಐತೆ, ಬಿಡು."

ರಸ್ತೆಗೆ ಗುರುತಿದ್ದರೇನು ಬಂತು, ಲಾರಿಗೆ ಇರಬೇಕಲ್ಲ!

ಅಷ್ಟರಲ್ಲಿ ನಮ್ಮ ಹೊಲದ ಜೋಳವೂ ಬಂತು. ರಸ್ತೆಗೆ ಹಾಕೋದು ಬೇಡ ಅಂತ ಒಂದಿನ ಹಟ ಹಿಡಿದೆ. ಮನೆ ಮುಂದಿನ ಅಂಗಳ ಅಂಗೈಯಷ್ಟಗಲ, ಮೇಲೆ ಮೋಡ. ಹಸಿ ಜೋಳ ಬೂಷ್ಟು ಹಿಡಿಯುತ್ತೆ ಅನ್ನಿಸಿದ ಕೂಡಲೇ ನನ್ನ ಧರ್ಮವೆಲ್ಲ ಕರಗಿ ಹೋಯಿತು. ನಾನೇ ಮುಂದಾಗಿ ಹೋಗಿ ಬಿಸಿಲು ಚೆನ್ನಾಗಿ ಬೀಳೋ ಜಾಗ ಹಿಡಿದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಇವರು ಕೇಳಿದರು. "ಆ ಹೊಳೆಯೋ ಪಟ್ಟಿ ಉಳಿದೈತಲ್ಲ? ಕೊಡು, ಕಲ್ಲಿಗೆ ಸುತ್ತಾನ. ಯಾವನಾದ್ರೂ ಜೋಳದ ಮೇಲೆ ಗಾಡಿ ಹತ್ತಿಸಿದರೆ ಕಷ್ಟ."

ಆಗಲೇ ಪಟ್ಟಿ ಬಚ್ಚಿಟ್ಟುಕೊಂಡು, ಮೊದಲು ಸ್ವೆಟರು ಕೊಡ್ರಿ ಅನ್ನಬೇಕಿತ್ತು. ಅನ್ನಲಿಲ್ಲ. ಗೋಣಿಚೀಲ ಕತ್ತರಿಸಿ ತುಂಡು ಮಾಡಿ, ಒಂದೊಂದಕ್ಕೂ ಪಟ್ಟಿ ಇಟ್ಟು ಎರಡೆರಡು ಹೊಲಿಗೆ ಹಾಕಿ ಕೊಟ್ಟೆ. ಮಾಡಬಾರದ ಕೆಲಸವನ್ನೂ ನೀಟಾಗಿ ಮಾಡುವ ರೋಗ ನನಗೆ. ಪಟ್ಟಿ ಅಲ್ಲಿಗೇ ಖಾಲಿಯಾಯಿತು.

ಮೂರನೇ ದಿನ ಸಂಜೆ ಇವರು ಜೋಳ ರಾಶಿ ಮಾಡಿ, ತಾಡಪಾಲು ಹೊದಿಸಿ, ಮಬ್ಬುಗತ್ತಲಲ್ಲಿ ಸೈಕಲ್ ಹತ್ತಿ ಮನೆಗೆ ಹೊರಟಿದ್ದಾರೆ. ತಮ್ಮ ಎಡಗಡೆಯೆಲ್ಲ ನಮ್ಮದೇ ರಾಶಿ. ಹಾಗಾಗಿ ಬಲಗಡೆ ಅಂಚಿನಲ್ಲಿ ಬರುತ್ತಿದ್ದರು. ಎದುರಿಗೆ ಬಂದ ಗೂಡ್ಸ್ ಗಾಡಿ ಹ್ಯಾಂಡಲ್ಲಿಗೆ ತಾಗಿ ಇವರನ್ನು ಚರಂಡಿಗೆ ಒಗೆಯಿತು. ತೊಡೆ ಮೂಳೆ ಎರಡು ತುಂಡು.

ಡ್ರೈವರು ಓಡಿ ಹೋಗಲಿಲ್ಲ, ಪುಣ್ಯಾತ್ಮ. ತಾನೇ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಬಂದ. ವರಾಂಡದಲ್ಲಿ ನನ್ನ ಮುಂದೆ ಕೈ ಮುಗಿದು ನಿಂತು ಅಳುತ್ತಿದ್ದ. "ಅಕ್ಕಾ, ಜೋಳ ದೂರದಿಂದ್ಲೇ ಕಂಡ್ತು, ಫಳಫಳ ಅಂತಿತ್ತು. ಯಾರದೋ ಅನ್ನ, ತುಳೀಬಾರ್ದು ಅಂತ ಪೂರ್ತಿ ಈ ಕಡೆಗೆ ಎಳದೆ. ಇವ್ರು ಕಾಣ್ಲೇ ಇಲ್ಲಕ್ಕ."

ಅವನಿಗೆ ಏನಂತ ಬೈಯಲಿ?

ಮಾರನೇ ದಿನದಿಂದ ನೋಡಲು ಬರುವವರ ಸಾಲು. ಕಿತ್ತಳೆ ಹಣ್ಣು, ಬ್ರೆಡ್ಡು, ಜೊತೆಗೆ ಅದೇ ಮಾತು. "ಜೋಳಕ್ಕೇನೂ ಆಗ್ಲಿಲ್ಲವಲ್ಲ, ಶಿವ ದೊಡ್ಡೋನು." ಥೂ ಇವರ ಜನ್ಮಕ್ಕಿಷ್ಟು! ಕಾಲು ಮುರಿದುಕೊಂಡು ಮಲಗಿದವರ ಎದುರಿಗೆ ನಿಂತು ಆಡೋ ಮಾತಾ ಇದು? ಉಗಿದು ಕಳಿಸಬೇಕು ಅಂತ ಬಾಯಿ ತೆರೆದೆ. ಆದರೆ ಅವರು ತಂದ ಕಿತ್ತಳೆಯನ್ನೇ ಸುಲಿದು ಅವರ ಕೈಗಿಟ್ಟೆ.

ಯಾಕೆಂದರೆ ಆ ಸಂಜೆ ಪಕ್ಕದ ಮನೆಯವಳು ಓಡೋಡಿ ಬಂದು, "ನಿಮ್ಮ ಜೋಳದ ರಾಶಿ ಹತ್ರ ಗಾಡಿ ಹೊಡದೈತಂತೆ ಕಣೇ" ಅಂತ ಕೂಗಿದಾಗ ನಾನು ಒಲೆ ಮುಂದಿಂದ ಎದ್ದು ಕೇಳಿದ ಮೊದಲ ಮಾತು, "ಜೋಳದ ಮೇಲೆ ಹತ್ತಿಸಿದ್ನಾ?"

ನಮ್ಮನೆಯವರು ಚರಂಡಿಯಲ್ಲಿ ಬಿದ್ದಿದ್ದಾರೆ ಅಂತ ಅವಳೇ ಹೇಳಿದಳು. ನಾನು ಕೇಳಿರಲಿಲ್ಲ.