ದೋಸೆಯಲ್ಲ, ದೋಸಕಾಯಿ

ಅತ್ತೆಗೆ ಜ್ವರ ಬಿಟ್ಟು ಎಂಟು ದಿನವಾಗಿದ್ದರೂ ನಾಲಗೆಗೆ ರುಚಿ ಮಾತ್ರ ಮರಳಿರಲಿಲ್ಲ. ಗಂಜಿ ಕೊಟ್ಟರೆ ಮಣ್ಣು, ಸಾರು ಕೊಟ್ಟರೆ ನೀರು ಅನ್ನುತ್ತಿದ್ದರು. ಎರಡು ತುತ್ತಿಗೇ ತಟ್ಟೆ ಸರಿಸಿಬಿಡುತ್ತಿದ್ದರು. ಕೈಬಳೆ ಮೊಣಕೈವರೆಗೂ ಜಾರುತ್ತಿತ್ತು. ಹೀಗೇ ಉಣ್ಣದಿದ್ದರೆ ಇವರು ನಮಗೆ ಉಳಿಯುವುದಿಲ್ಲವೆಂದು ನನಗೆ ನಿಜವಾಗಿಯೂ ಭಯವಾಗಿತ್ತು. ಎರಡು ಸಾವಿರದ ಇಸವಿ ದಾಟಿದ ಹೊಸದು. ಮೈಸೂರು ಕಡೆಯವಳಾದ ನಾನು ಅಂಬಾಜಿದುರ್ಗದ ಹತ್ತಿರದ ಆ ಮನೆಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತಷ್ಟೇ.

ಒಂದು ಸಂಜೆ ಅತ್ತೆ ತಾವಾಗಿಯೇ ಬಾಯಿಬಿಟ್ಟರು. "ದೋಸಕಾಯಿ ಮಾಡಮ್ಮಾ. ಅದಾದ್ರೂ ಸೇರ್ತದೇನೋ ನೋಡಣ."

ಕೇಳಿದ್ದೇ ತಡ, ಅಕ್ಕಿ ಉದ್ದು ನೆನೆಹಾಕಿ ರುಬ್ಬಿದೆ. ಬೆಳಿಗ್ಗೆ ಗರಿಗರಿ ದೋಸೆ, ಪಕ್ಕದಲ್ಲಿ ಕಾಯಿಚಟ್ನಿ ಹಿಡಿದು ಹೋಗಿ ನಿಂತೆ. ಅವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು.

"ಇದೇನಮ್ಮಾ ಇದು?"

"ನೀವೇ ಕೇಳಿದ್ರಲ್ಲ ಅತ್ತೆ, ದೋಸೆ, ಕಾಯಿ."

ಬಾಗಿಲಲ್ಲಿದ್ದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಪಿಚ್ಚಿ ತಲ್ಲೀ, ಹುಚ್ಚು ತಾಯೀ, ಅದು ತರಕಾರಿ ಕಣಮ್ಮಾ!"

ನನಗೆ ಕಿವಿಯೆಲ್ಲ ಬಿಸಿಯಾಯಿತು. ನಾವು ಬಣ್ಣದ ಸೌತೆ ಎನ್ನುವುದಕ್ಕೆ ಅರ್ಧ ತೆಲುಗಿನ ಈ ಸೀಮೆಯಲ್ಲಿ ದೋಸಕಾಯಿ ಅನ್ನುತ್ತಾರೆಂದು ಯಾರಾದರೂ ಮೊದಲೇ ಹೇಳಬಾರದಿತ್ತೇ! ದೋಸೆಗಳನ್ನೆಲ್ಲ ಮಾವನೇ ತಿಂದು ಮುಗಿಸಿ, ಹೊಲಕ್ಕೆ ಹೋಗಿ ನಾಲ್ಕು ಕಾಯಿ ಕಿತ್ತು ತಂದರು.

ಗುಂಡಗೆ, ಅರಿಸಿನ ಬಳಿದಂಥ ಹಳದಿ. ಕೊಯ್ದರೆ ಅಂಗೈಯೆಲ್ಲ ಒದ್ದೆ. ಅಬ್ಬಾ, ಬರಿಗಾಲಿಡಲಾಗದ ಆ ಬಿಸಿಲಲ್ಲಿ, ಬಿರುಕುಬಿಟ್ಟ ಕೆಂಪು ನೆಲ ಇಷ್ಟು ನೀರನ್ನು ಎಲ್ಲಿಂದ ತಂದು ತುಂಬಿತ್ತೋ! ಒಲೆಯ ಮೇಲೆ ತೊಗರಿಬೇಳೆ ಬೇಯುತ್ತಿತ್ತು. ಕೊಯ್ದ ಹೋಳನ್ನು ಅದಕ್ಕೆ ಹಾಕಲು ಹೊರಟಾಗ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ತಾಳಮ್ಮಾ, ತಾಳು! ಒಂದೊಂದು ಕಾಯೀನೂ ಬಾಯಿಗೆ ಹಾಕ್ಕೊಂಡು ನೋಡ್ಬೇಕು. ಕಹೀದು ಒಂದು ಬಿದ್ರೆ ಪಾತ್ರೆಯೆಲ್ಲ ಹಾಳು. ಕೊಡಿಲ್ಲಿ."

ರುಚಿಯೇ ತಿಳಿಯದವರು ಏನು ನೋಡುತ್ತಾರೆ ಎಂದು ಒಳಗೊಳಗೇ ಸಿಡುಕಿದೆ. ಆದರೂ ಕೊಟ್ಟೆ, ಆ ಮನೆಯಲ್ಲಿ ಆ ಕೆಲಸ ಅವರದೇ. ಮೊದಲನೆಯದರ ಚೂರು ಅಗಿದರು. ಮುಖದಲ್ಲಿ ಏನೂ ಇಲ್ಲ. ಎರಡನೆಯದೂ ಅದೇ ಕಥೆ. "ಏನೂ ಗೊತ್ತಾಗ್ತಿಲ್ಲಮ್ಮಾ" ಎಂದು ಮೆಲ್ಲಗೆ ಹೇಳಿದರು. ನನಗೆ ಅಳುವೇ ಬಂತು. ಮೂರನೆಯದನ್ನು ಕಚ್ಚಿದ್ದೇ ಮುಖ ಕಿವುಚಿಕೊಂಡು, "ಥೂ! ಚೇದು!" ಎಂದು ಉಗಿದರು.

ಆ ತೆಲುಗು ಮಾತನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾನೂ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಕಡು ಕಹಿ. ದೇವರೇ, ಆ ಕಹಿಗೆ ಕೈಮುಗಿಯಬೇಕೆನಿಸಿತು.

ಎಸೆಯಲೆಂದು ಆ ಕಾಯನ್ನು ಎತ್ತಿಕೊಂಡೆ. ಅತ್ತೆ ಕೈಚಾಚಿದರು. ಅವರ ಕಣ್ಣು ತುಂಬಿತ್ತು.

"ಬಿಸಾಕ್ಬೇಡ ಕಣಮ್ಮಾ. ಇನ್ನೊಂದು ಚೂರು ಕೊಡು."