ಎಸ್ಟೇಟ್ ಆಫೀಸಿಗೆ ಇಂಟರ್ನೆಟ್ ಕಲಿಸಿದ ಟೀಚರ್

ಟೀಚರ ಬಲಗಿವಿ ಎಡಗಿವಿಗಿಂತ ಚಪ್ಪಟೆಯಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಷ್ಟು ಕಾಲವೂ ಆ ಕಿವಿಯ ಮೇಲೆ ಹೆಡ್‌ಫೋನ್ ಕೂತಿತ್ತಂತೆ. ಓಲೆ ಕೂಡ ಅಲ್ಲಿ ನೆಟ್ಟಗೆ ನಿಲ್ಲದೆ ಹಿಂದಕ್ಕೆ ವಾಲಿರುತ್ತಿತ್ತು. ನಿವೃತ್ತಿಯಾದ ಮೇಲೆ ಪೊನ್ನಂಪೇಟೆಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಮನೆಮಾತು ಮಲಯಾಳ. ಯಾವ ವಯಸ್ಸಿನ ಹೆಂಗಸು ಹೋದರೂ "ಬಾ ಮೋಳೇ" ಎಂದೇ ಕರೆಯುವರು, ಬಾ ಮಗಳೇ ಎಂದು. ಮಂಡಿನೋವು ಶುರುವಾದ ಮೇಲೆ ನನ್ನನ್ನು ಮಗಳೇ ಅಂದವರು ಅವರೊಬ್ಬರೇ.

ನಾನೇನು ಖುಷಿಗೆ ಅಲ್ಲಿಗೆ ಹೋದವಳಲ್ಲ. ನನ್ನ ಗಂಡ ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕೆಲಸದ ಲೆಕ್ಕ ಬರೆಯುವುದು ಅವರ ಕೆಲಸ. ಅವರು ತೀರಿಕೊಂಡಾಗ ಆ ಕೆಲಸ ನನಗೆ ಕೊಟ್ಟರು, ಕ್ವಾರ್ಟರ್ಸೂ ಉಳಿಯಿತು. ಆಮೇಲೆ ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯ, ಆದರೆ ಮಾತು ಖಡಕ್ಕು. "ನೋಡಿಯಮ್ಮ, ಇನ್ನು ಹಾಜರಿಯೆಲ್ಲ ಇಂಟರ್ನೆಟ್‌ನಲ್ಲೇ ಹೆಡ್ ಆಫೀಸಿಗೆ ಹೋಗ್ಬೇಕು. ಕಾಫಿ ಹಣ್ಣಿನ ಪಿಕಿಂಗ್ ಶುರುವಾಗೋದ್ರೊಳಗೆ ಕಲಿತ್ರೆ ಸರಿ. ಇಲ್ಲಾಂದ್ರೆ ಬೇರೆಯವರನ್ನ ತರ್ಬೇಕಾಗುತ್ತೆ, ಮನೇನೂ ಅವರಿಗೇ ಕೊಡ್ಬೇಕಾಗುತ್ತೆ" ಎಂದರು. ಮಗಳು ಆಗಿನ್ನೂ ಕಾಲೇಜಿನಲ್ಲಿದ್ದಳು. ಅವಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ಹಾಸನದ ಕಡೆಯ ತವರಿನಲ್ಲಿ ಅಣ್ಣಂದಿರ ಸಂಸಾರಕ್ಕೇ ಜಾಗ ಸಾಲದು.

ಮೊದಲ ದಿನ ಟೀಚರ್ ನನ್ನ ಕಥೆಯೆಲ್ಲ ಕೇಳಿಕೊಂಡರು, ಕಂಪ್ಯೂಟರನ್ನು ಮಾತ್ರ ಮುಟ್ಟಿಸಲೇ ಇಲ್ಲ. ಕಾಫಿ ಕೊಟ್ಟು, "ನಿಮ್ಮ ಎಸ್ಟೇಟಲ್ಲಿ ಆಳುಗಳ ಲೈನ್ ಮನೆಗಳಿಗೆ ನಂಬರ್ ಉಂಟಲ್ಲ?" ಎಂದರು. ಉಂಟು ಎಂದೆ.

"ಹಾಂ, ಹಾಗೇ ಇಂಟರ್ನೆಟ್‌ಗೆ ಸೇರಿದ ಕಂಪ್ಯೂಟರಿಗೂ ಒಂದು ನಂಬರ್. ಅದಕ್ಕೆ ಐಪಿ ಅಡ್ರೆಸ್ ಅಂತಾರೆ. ನಿಂಗೆ ಅದು ಬಾಯಿಪಾಠ ಬೇಡ. ಹಿಂದೆ ಜನ ನಂಗೆ ಫೋನ್ ಮಾಡಿ 'ಹುದಿಕೇರಿ ಡಾಕ್ಟರಿಗೆ ಕೊಡಿ' ಅನ್ನೋರು, ನಂಬರ್ ಹುಡುಕೋದು ನಾನು. ಈಗ ಆ ಕೆಲಸ ಮಾಡೋದಕ್ಕೆ ಡಿಎನ್‌ಎಸ್ ಅಂತ ಹೆಸರು. ನನ್ನ ಕೆಲಸ ಕಿತ್ಕೊಂಡ ಕಳ್ಳ ಅದು!"

ಕಳಿಸಿದ್ದು ಒಟ್ಟಿಗೆ ಹೋಗುವುದಿಲ್ಲ, ಪ್ಯಾಕೆಟ್ ಎಂಬ ಚೂರುಗಳಾಗಿ ಹೋಗುತ್ತದೆ ಎಂದಾಗ ನಾನು ಕಣ್ಣುಕಣ್ಣು ಬಿಟ್ಟೆ. "ಕಾಫಿ ಹಣ್ಣಿನ ಚೀಲಕ್ಕೆ ನಂಬರ್ ಹಾಕಿ ಬೇರೆ ಬೇರೆ ಜೀಪಲ್ಲಿ ಕಳಿಸ್ತೀರಿ ಅಂತ ಇಟ್ಕೋ. ಯಾವ ದಾರೀಲಿ ಬಂದ್ರೂ ಕಣದಲ್ಲಿ ಸಾಲಾಗಿ ಜೋಡಿಸ್ತಾರೆ. ಒಂದು ಬರ್ಲಿಲ್ಲಾಂದ್ರೆ ಮತ್ತೆ ಕೇಳಿ ತರಿಸ್ಕೊಳ್ತಾರೆ. ಅಷ್ಟೇ ಮೋಳೇ!" ಕೇಳಿದ್ದನ್ನೇ ಕೇಳಿದರೂ ಬೇಸರವಿಲ್ಲ. ಉತ್ತರ ಹೊಳೆಯದಿದ್ದರೆ "ಲೈನಲ್ಲಿರು" ಎಂದು ಕಣ್ಣು ಮುಚ್ಚಿ ಕೂರುವರು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಆಫೀಸಿನ ಲ್ಯಾಪ್‌ಟಾಪಿಗೆ ಅಂಟಿಸಿದ್ದೇನೆ ಎಂದಾಗ ಮಾತ್ರ ಉರಿದುಬಿದ್ದರು. "ಎಟಿಎಂ ನಂಬರನ್ನೂ ಸಂತೇಲಿ ಕೂಗಿ ಹೇಳ್ತೀಯಾ?"

ಆಫೀಸಿಗೆ ರೂಟರ್ ಬಂದದ್ದು ಜಡಿಮಳೆಯಲ್ಲಿ. ನಮ್ಮಲ್ಲಿ ಆಗ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ರೇಷ್ಮೆ ಸೀರೆ, ಕಾಗದಪತ್ರವನ್ನೆಲ್ಲ ಬೀರುವಿನಲ್ಲಿಟ್ಟು ಒಳಗೊಂದು ಬಲ್ಬು ಉರಿಸುವುದು ರೂಢಿ. ಇಷ್ಟು ಬೆಲೆಬಾಳುವ ವಸ್ತುವನ್ನು ಹೊರಗೆ ಬಿಡುವುದುಂಟೇ? ವೈರನ್ನು ಬಾಗಿಲಸಂದಿಯಲ್ಲಿ ತೂರಿಸಿ, ರೂಟರನ್ನು ಉಕ್ಕಿನ ಬೀರುವಿನೊಳಗಿಟ್ಟು ಮುಚ್ಚಿದೆ. ಮರುದಿನ ಮೊದಲ ಹಾಜರಿ ಕಳಿಸಬೇಕು, ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತಿದ್ದಾರೆ, ಲ್ಯಾಪ್‌ಟಾಪಿನಲ್ಲಿ ವೈಫೈಯೇ ಇಲ್ಲ. ಟೀಚರಿಗೆ ಫೋನ್ ಮಾಡಿದೆ. ಅವರು ಜ್ವರದಲ್ಲಿ ಮಲಗಿದ್ದರು.

"ರೂಟರಲ್ಲಿ ಯಾವ ಲೈಟ್ ಉರೀತಿದೆ ಮೋಳೇ?"

"ಕಾಣಲ್ಲ ಟೀಚರ್. ಬೀರು ಒಳಗಿದೆ."

"ಎಲ್ಲಿ?"

"ಬೀರು ಒಳಗೆ. ಬೂಷ್ಟು ಹಿಡೀಬಾರ್ದಲ್ಲ, ಬಲ್ಬೂ ಹಾಕಿದ್ದೀನಿ."

ಆ ಕಡೆಯಿಂದ ಕೆಮ್ಮು, ನಗು ಎರಡೂ ಬಂದವು. "ಅಯ್ಯೋ ಪುಣ್ಯಾತ್ಗಿತ್ತೀ! ಉಕ್ಕಿನ ಗೋಡೆ ದಾಟಿ ಸಿಗ್ನಲ್ ಹೊರಗೆ ಬರೋದು ಹೇಗೆ? ಆ ಶಾಖಕ್ಕೆ ಅದು ಬೆಂದೇ ಹೋಗ್ತದೆ. ತೆಗಿ ಹೊರಗೆ!"

ತೆಗೆದೆ. ವೈಫೈ ಬಂತು, ಆದರೂ ಹಾಜರಿ ಹೋಗಲಿಲ್ಲ. "ನನ್ನ ಕೈಲಾಗಲ್ಲ ಟೀಚರ್, ಸಾರ್‌ಗೇ ಫೋನ್ ಕೊಡ್ತೀನಿ, ನೀವೇ ಹೇಳಿ" ಎಂದೆ.

"ಕೊಡ್ಬೇಡ. ನೀನೇ ನೋಡಿ ನೀನೇ ಹೇಳು. ಇವತ್ತು ನಾನು ಹೇಳಿದ್ರೆ ನಾಳೆ ನಿನ್ನ ಮನೆ ಉಳಿಸೋರು ಯಾರು?" ಅಂದವರೇ ಫೋನ್ ಇಟ್ಟುಬಿಟ್ಟರು.

ಎಂಥ ಹೆಂಗಸಪ್ಪಾ ಎಂದು ಸಿಟ್ಟು ಉಕ್ಕಿತು. ಆ ಸಿಟ್ಟಿನಲ್ಲೇ ರೂಟರನ್ನು ದಿಟ್ಟಿಸಿದೆ. ಒಂದು ಲೈಟು ಕೆಂಪಗಿತ್ತು. ಕ್ಲಾಸಿನಲ್ಲಿ ಅವರು ಹೇಳಿಕೊಟ್ಟಿದ್ದು ತಲೆಗೆ ಬಂತು. "ಸಾರ್, ವೈಫೈ ಅಂದ್ರೆ ನಮ್ಮ ಎಸ್ಟೇಟ್ ಒಳಗಿನ ದಾರಿ ಇದ್ದ ಹಾಗೆ. ಅದು ಸರಿ ಇದೆ. ಇಂಟರ್ನೆಟ್ ಗೇಟಿನಾಚೆಯ ರೋಡು. ಕೆಂಪು ಲೈಟ್ ಬಂದಿದೆ ಅಂದ್ರೆ ಹೊರಗಿನ ಕೇಬಲ್ ತುಂಡಾಗಿರ್ಬೇಕು. ಕೇಬಲ್‌ನವರಿಗೆ ಹೇಳ್ತೀನಿ. ಈಗ ನನ್ನ ಮೊಬೈಲಿಂದ ಹಾಟ್‌ಸ್ಪಾಟ್ ಹಾಕಿ ಕಳಿಸ್ತೀನಿ" ಎಂದೆ. ಹೋಯಿತು! ಸಿಲ್ವರ್ ಓಕಿನ ಕೊಂಬೆ ಬಿದ್ದು ಕೇಬಲ್ ಹರಿದದ್ದು ಆಮೇಲೆ ತಿಳಿಯಿತು. ಮ್ಯಾನೇಜರ್ ಪರದೆ ನೋಡಿ, "ಸರಿಯಮ್ಮ, ಪಿಕಿಂಗ್‌ಗೂ ನೀವೇ ನೋಡ್ಕೊಳ್ಳಿ" ಎಂದು ಹೊರಟುಹೋದರು.

ಮುಂದಿನ ಕ್ಲಾಸಿನಲ್ಲಿ ಜಗಳಕ್ಕೇ ನಿಂತೆ. "ಅಂಥ ಹೊತ್ತಲ್ಲಿ ಫೋನ್ ಇಟ್ಟುಬಿಟ್ರಲ್ಲ!"

"ಆಪರೇಟರ್ ಮಾಡೋದು ಅಷ್ಟೇ ಮೋಳೇ," ಎಂದರು ಟೀಚರ್, "ಲೈನ್ ಸೇರಿಸಿ ಕೊಡೋದು. ಮಾತು ನೀವೇ ಆಡ್ಬೇಕು."

ಕಳೆದ ಚಳಿಗಾಲದಲ್ಲಿ ಟೀಚರ್ ಹೋಗಿಬಿಟ್ಟರು. ಸುದ್ದಿ ಬಂದಾಗ ಆಫೀಸಿನಲ್ಲಿದ್ದೆ. ಕ್ವಾರ್ಟರ್ಸಿಗೆ ಬಂದು ಸೀರೆ ಬದಲಿಸಿ, ಪೊನ್ನಂಪೇಟೆಗೆ ಹೊರಡಲೆಂದು ಬಾಗಿಲಿಗೆ ಬೀಗ ಹಾಕಿದೆ. ಬೀಗದ ಕೈ ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಇದು ಇಷ್ಟು ಹೊತ್ತಿಗೆ ಇನ್ಯಾರದೋ ಸೊಂಟದಲ್ಲಿರಬೇಕಿತ್ತು ಅನ್ನಿಸಿದ್ದೇ ತಡ, ಅದನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟೆ.